ಬಿಚ್ಚಿದ ನಟ್ಟಿಗೊಂದು ದಾರ

ಮನೆಯಿಂದ,
ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಬಲಗೈ ಬೆರಳುಗಳು ಈಗ ಎಷ್ಟು ಮಡಚುತ್ತವೆ? ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ದಿನಾ ಹಿಸುಕುತ್ತಿದ್ದೀಯೋ, ಇಲ್ಲ ದಿಂಬಿನ ಕೆಳಗೆ ಬಚ್ಚಿಟ್ಟು ಅತ್ತೆಗೆ ಸುಳ್ಳು ಹೇಳುತ್ತಿದ್ದೀಯೋ? ಫೋನ್ ಮಾಡಿದರೆ ಅತ್ತೆಯೇ ಊರ ಸುದ್ದಿಯೆಲ್ಲ ಹೇಳಿ ಇಟ್ಟುಬಿಡುತ್ತಾರೆ, ನಿನ್ನ ಸರದಿ ಬರುವುದೇ ಇಲ್ಲ. ಅದಕ್ಕೇ ಈ ಕಾಗದ. ನಾವಿಬ್ಬರೂ ಆರಾಮ. ಅಮ್ಮ ಎದುರಿಗೇ ಕುಳಿತು ಬಟಾಣಿ ಸುಲಿಯುತ್ತಿದ್ದಾಳೆ. ಕೈ ಬಿಡುವಿಲ್ಲವಂತೆ, ಬರೆದದ್ದನ್ನೆಲ್ಲ ನಾನೇ ಓದಿ ಹೇಳಬೇಕಂತೆ.

ಇನ್ನು ಕಾರಿನ ವಿಷಯ. "ಕೈಯೇ ಆಡದೋನಿಗೆ ಕಾರ್ ಯಾಕೆ, ಮಾರಿಬಿಡಿ" ಎಂದು ಅತ್ತೆಯ ಬಾಯಲ್ಲಿ ಹೇಳಿಸಿದ್ದೆಯಲ್ಲ, ಆ ಮಾತಿಗೆ ನಾವಿಬ್ಬರೂ ಎದುರಾಡಲಿಲ್ಲ. ಬೇಕರಿಯವರು ಕೊಳ್ಳುತ್ತೇನೆಂದರು. ನೀನು ಅತ್ತೆಯ ಮನೆಗೆ ಹೋದಾಗಿನಿಂದ ನಿಂತಲ್ಲೇ ನಿಂತಿದ್ದ ಕಾರು. ಹಾಗೇ ಒಯ್ದರೆ ನಿನ್ನ ಮರ್ಯಾದೆ ಹೋಗುತ್ತದೆಂದು ಶನಿವಾರ ನಾನೇ ಬಾನೆಟ್ ಎತ್ತಿದೆ. ಪ್ಲಗ್ಗು ಬದಲಿಸಿದೆ, ಪೆಟ್ರೋಲ್ ಫಿಲ್ಟರ್ ಹೊಸದು ಹಾಕಿದೆ, ಬಿರುಕುಬಿಟ್ಟಿದ್ದ ಫ್ಯಾನ್ ಬೆಲ್ಟ್ ತೆಗೆದು ಬೇರೆಯದು ಬಿಗಿದೆ. ಎಲ್ಲ ನಿನ್ನ ಪದ್ಧತಿಯಂತೆಯೇ: ಬಿಚ್ಚಿದ ನಟ್ಟಿಗೆಲ್ಲ ಒಂದೊಂದು ದಾರ ಕಟ್ಟುವುದು, ಬಿಗಿಮಾಡಿದ ಮೇಲೆ ದಾರ ತೆಗೆಯುವುದು. ಹೊಸ ಸಾಮಾನಿನ ಪೊಟ್ಟಣಕ್ಕೆ ಸುತ್ತಿ ಬಂದಿದ್ದ ಬಿಳಿ ದಾರವನ್ನೇ ತುಂಡುಮಾಡಿ ಕಟ್ಟಿದ್ದೆ. ಟಾರ್ಚ್ ಹಿಡಿದವಳು ಅಮ್ಮ. ಮದುವೆಯಾದಾಗಿನಿಂದ ನಿನಗೆ ಹಿಡಿದು ಪಳಗಿದ ಕೈ. ನಾನು ಕೇಳುವ ಮೊದಲೇ ಬೆಳಕು ಸರಿಯಾದ ಜಾಗಕ್ಕೆ ಬೀಳುತ್ತಿತ್ತು. ಕೊನೆಗೆ ದಾರದ ತುಂಡುಗಳೆಲ್ಲ ನನ್ನ ಅಂಗೈಗೆ ಬಂದವು, ಒಂದೂ ಒಳಗೆ ಉಳಿಯಲಿಲ್ಲ. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ನಿನ್ನೆ ಬೆಳಿಗ್ಗೆ ಬೇಕರಿಗೆ ಹೊರಟರೆ, ಎಂದೂ ಇಲ್ಲದ ಹಾಗೆ ಅಮ್ಮ "ನಾನೂ ಬರ್ತೀನಿ" ಎಂದು ಹತ್ತಿ ಕುಳಿತಳು. ಬೇಕರಿಯ ಬೋರ್ಡು ಕಣ್ಣಿಗೆ ಕಾಣುತ್ತಿತ್ತು. ರಸ್ತೆಯುಬ್ಬು ದಾಟಿದ್ದೇ ತಡ, ಎಂಜಿನ್ ಗಪ್‌ಚುಪ್. ಹಿಂದಿನಿಂದ ಬಸ್ಸಿನವನ ಹಾರ್ನು ಬೇರೆ. ಇಬ್ಬರೂ ಇಳಿದು ತಳ್ಳಿ ಬದಿಗೆ ಹಾಕಿದೆವು. "ಸ್ವಂತ ರಿಪೇರಿ ಮಾಡಿದ ಮೇಲೆ ಗಾಡಿ ನಿಂತ್ರೆ ಮೊದಲು ನಿನ್ನ ಕೈಯನ್ನ ಅನುಮಾನಿಸು, ಆಮೇಲೆ ಗಾಡೀನ" ಎನ್ನುತ್ತಿದ್ದೆಯಲ್ಲ, ಹಾಗೇ ಮಾಡಿದೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಗಬಾರದು. ಹಾರ್ನ್ ಒತ್ತಿದರೆ ಕೂಗಿತು, ಬ್ಯಾಟರಿಯ ತಪ್ಪಲ್ಲ. ಫಿಲ್ಟರಿನಲ್ಲಿ ಪೆಟ್ರೋಲ್ ತುಂಬಿತ್ತು, ಪೈಪಿನ ಕ್ಲಿಪ್ಪುಗಳು ಬಿಗಿಯಾಗಿದ್ದವು. ಬೆಲ್ಟ್ ಜಾಗ ಬಿಟ್ಟಿರಲಿಲ್ಲ. ಒಂದು ಪ್ಲಗ್ಗು ಬಿಚ್ಚಿ ನೋಡಿದರೆ ಕಿಡಿಯೇ ಇಲ್ಲ, ಇನ್ನೊಂದರಲ್ಲೂ ಇಲ್ಲ. ಹೊಸ ಪ್ಲಗ್ಗುಗಳು ಎಲ್ಲ ಒಟ್ಟಿಗೇ ಸಾಯುವುದುಂಟೇ? ನಾನು ಮುಟ್ಟಿದ್ದೆಲ್ಲ ಸರಿಯಾಗಿಯೇ ಇತ್ತು. ಆಮೇಲೆ ನಾನು ಮುಟ್ಟದೇ ಇದ್ದ, ಪ್ಲಗ್ಗುಗಳಿಗೆಲ್ಲ ಕಿಡಿ ಕೊಡುವ ಕಾಯಿಲ್ ಕಡೆ ಬಗ್ಗಿದೆ. ಅದಕ್ಕೆ ಕರೆಂಟು ತರುವ ಸಣ್ಣ ವೈರಿನ ನಟ್ಟು ಸಡಿಲವಾಗಿ, ವೈರು ಜಾರಿಕೊಂಡಿತ್ತು. ಸ್ಪ್ಯಾನರ್ ಹಾಕಿ ಬಿಗಿದೆ. ಸ್ಟಾರ್ಟ್ ಆಯಿತು.

ಅಷ್ಟರಲ್ಲಿ ಬೇಕರಿಯವರು ಹಿಟ್ಟಿನ ಕೈಯಲ್ಲೇ ರಸ್ತೆಗೆ ಬಂದು ಎಲ್ಲವನ್ನೂ ನೋಡಿಯಾಗಿತ್ತು. "ದಾರೀಲಿ ನಿಲ್ಲೋ ಗಾಡಿ ನನಗೆ ಬೇಡಮ್ಮ, ಬೆಳಿಗ್ಗೆ ಬ್ರೆಡ್ ಯಾರು ಮುಟ್ಟಿಸ್ತಾರೆ?" ಎಂದರು. ನಾನು ಸಮಜಾಯಿಷಿ ಹೇಳಲು ಬಾಯಿ ತೆರೆಯುವ ಮೊದಲೇ ಅಮ್ಮ "ನಿಮ್ಮಿಷ್ಟ" ಎಂದು ಬಾನೆಟ್ ಮುಚ್ಚಿಬಿಟ್ಟಳು. ನನಗೆ ಸಿಟ್ಟು ಬಂತು. ಶನಿವಾರದ ದುಡಿಮೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ. ವಾಪಸ್ ಬರುವಾಗ ಅಮ್ಮ ಕಿಟಕಿಯಾಚೆ ನೋಡುತ್ತ ಏನೋ ಗುನುಗುತ್ತಿದ್ದಳು. ಮುಂದಿನ ವಾರ ಇನ್ನೊಬ್ಬರು ಕಾರು ನೋಡಲು ಬರುತ್ತಾರೆ.

ಅತ್ತೆಗೆ ನಮಸ್ಕಾರ ತಿಳಿಸು. ಅವರ ಮಾತು ಮುಗಿಯುವುದನ್ನು ಕಾಯುವಾಗಲಾದರೂ ಚೆಂಡು ಹಿಸುಕುತ್ತಿರು.

ನಿನ್ನ ಮಗಳು
(ಅಮ್ಮ ಕೇಳಿಸಿಕೊಂಡು, "ಸರಿಯಾಗಿದೆ, ಹಾಕು" ಎಂದಿದ್ದಾಳೆ.)

ಇನ್ನೊಂದು ಮಾತು: ಅಮ್ಮ ಬಟಾಣಿ ಎತ್ತಿಕೊಂಡು ಒಳಗೆ ಹೋದಳು, ಅವಳು ಬರುವುದರೊಳಗೆ ಬರೆಯುತ್ತೇನೆ. ಆ ಸಡಿಲ ನಟ್ಟಿನ ಬುಡಕ್ಕೆ ಒಂದು ದಾರ ಕಟ್ಟಿತ್ತು. ನನ್ನ ಬಿಳಿ ದಾರವಲ್ಲ, ಅಮ್ಮನ ಹೊಲಿಗೆ ಡಬ್ಬಿಯ ಹಸಿರು ದಾರ. ಕಾರು ಕೆಡಿಸುವಾಗಲೂ ಮಹಾತಾಯಿ ನಿನ್ನ ಪದ್ಧತಿ ಬಿಟ್ಟಿಲ್ಲ. ನಾನು ಕಂಡೂ ಕಾಣದ ಹಾಗೆ ದಾರ ತೆಗೆದು ಜೇಬಿಗೆ ಹಾಕಿಕೊಂಡೆ. ಕಾರು ಹೋದರೆ ನೀನು ಕೈ ಆಡಿಸುವುದನ್ನೇ ಬಿಟ್ಟುಬಿಡುತ್ತೀಯ ಎಂದು ಅವಳಿಗೆ ಭಯ. ನನಗೂ ಅದೇ ಭಯ. ಆದರೆ ನೀನೇ ಮಾರಿ ಎಂದ ಮೇಲೆ ಬೇಡ ಎನ್ನಲು ನಮ್ಮಿಬ್ಬರಿಗೂ ಬಾಯಿ ಬರಲಿಲ್ಲ. ದಾರವನ್ನು ಈ ಕಾಗದದೊಳಗೆ ಮಡಚಿಟ್ಟಿದ್ದೇನೆ. ಆ ಇನ್ನೊಬ್ಬರು ಬರುವ ಮೊದಲು "ಮಾರಬೇಡಿ" ಎಂದು ಒಂದು ಸಾಲು ಬರೆದು ಹಾಕು. ಬಲಗೈಯಲ್ಲೇ ಬರಿ. ಅಕ್ಷರ ಹೇಗಿದ್ದರೂ ಅಮ್ಮ ಓದಿಕೊಳ್ಳುತ್ತಾಳೆ.