ಇಸ್ತ್ರಿ ಮೇಜಿನ ಮೇಲಿನ ಗುಳಿಗೆಗಳು

ಅಕ್ಟೋಬರ್ 14, ಮಂಗಳವಾರ

ಪ್ರೀತಿಯ ಪುಟ್ಟಿ,

ಹೇಗಿದ್ದೀಯ? ಪಾಪು ಹೇಗಿದೆ? ನಿನ್ನ ಪಾರ್ಸೆಲ್ ಬಂದು ಎರಡು ತಿಂಗಳಾದರೂ ಅಕ್ಕ ಒಂದು ಸಾಲು ಬರೆಯಲಿಲ್ಲ ಅಂತ ಬೈಕೊಂಡಿರ್ತೀಯ. ಬೈಕೋ. ಈ ಬೆರಳುಗಳು ಪೆನ್ನು ಹಿಡಿಯೋಕೂ ಸತಾಯಿಸುತ್ತವೆ. ಈ ಕಾಗದಕ್ಕೆ ಕೂತಿದ್ದು ಇವತ್ತು ಮೂರನೇ ದಿನ.

ನೀನು ಕಳಿಸಿದ ಪ್ರೋಬಯಾಟಿಕ್ ಗುಳಿಗೆಗಳ ಕಥೆ ಕೇಳು. "ಅಕ್ಕಾ, ಸ್ಕ್ಲೆರೋಡರ್ಮಾ ಬರೀ ಚರ್ಮ ಬಿಗಿಯೋ ಕಾಯಿಲೆ ಅಲ್ಲವಂತೆ, ಕರುಳೂ ಜಡವಾಗುತ್ತಂತೆ. ಇದರಲ್ಲಿ ಒಳ್ಳೆ ಬ್ಯಾಕ್ಟೀರಿಯಾ ಇದೆ. ಹೊಟ್ಟೆ ಸರಿಹೋದ ಮೇಲೆ ಬಂದು ಪಾಪೂನ ಎತ್ಕೋ" ಅಂತ ಬರೆದಿದ್ದೆಯಲ್ಲ, ಆ ಕೊನೇ ಸಾಲಿಗಾಗಿ ನುಂಗಿದೆ. ಇಲ್ಲದಿದ್ದರೆ ಕೋಟಿಗಟ್ಟಲೆ ಹುಳ ತುಂಬಿದ್ದನ್ನ ಯಾರು ಬಾಯಿಗೆ ಹಾಕ್ಕೋತಾರೆ? ಥೂ!

ಆದರೆ ನನ್ನ ಹೊಟ್ಟೆಯ ಅವಸ್ಥೆ ಅದಕ್ಕಿಂತ ಅಸಹ್ಯ. ಎರಡು ತುತ್ತಿಗೇ ಉಬ್ಬರ, ಆಮೇಲೆ ಹುಳಿ ತೇಗು, ಒಂದು ದಿನ ಭೇದಿ, ನಾಲ್ಕು ದಿನ ಏನೂ ಇಲ್ಲ. ಹೊಲಿಗೆ ಅಂಗಡೀಲಿ ಗಿರಾಕಿಯೊಬ್ಬಳ ಕತ್ತಿನ ಅಳತೆ ತಗೊಳ್ಳುವಾಗ ಅವಳ ಮುಖಕ್ಕೇ ತೇಗಿಬಿಟ್ಟೆ. ಆಕೆ ಮೂಗು ಮುಚ್ಚಿಕೊಂಡು "ಅಳತೆಗೆ ಹಳೇ ಅಂಗಿ ಕಳಿಸ್ತೀನಿ ಬಿಡಿ" ಅಂತ ಹೊರಟೇ ಹೋದಳು. ನನ್ನನ್ನು ಕಂಡರೆ ನನಗೇ ಹೇಸಿಗೆ ಕಣೇ.

ಆ ಡಬ್ಬಿಯ ಮುಚ್ಚಳ ಮಕ್ಕಳ ಕೈಗೆ ಬಗ್ಗದ ಹಾಗೆ ಒತ್ತಿ ತಿರುಗಿಸೋ ಥರದ್ದು. ನನ್ನ ಕೈಗೂ ಬಗ್ಗಲಿಲ್ಲ. ನಿಮ್ಮ ಭಾವ ಮಹಾ ಜಾಣರು. "ದಿನಾ ಯಾಕೆ ಒದ್ದಾಡ್ತೀಯ?" ಅಂತ ಅಷ್ಟನ್ನೂ ಗುಂಡಿ ಹಾಕಿಡೋ ಬಟ್ಟಲಿಗೆ ಸುರಿದು, ಕಿಟಕಿ ಪಕ್ಕದ ಇಸ್ತ್ರಿ ಮೇಜಿನ ಮೇಲಿಟ್ಟರು. ಬಿಸಿಲೂ ಅಲ್ಲೇ, ಹಬೆಯೂ ಅಲ್ಲೇ. ನಾನು ದಿನಕ್ಕೊಂದು ನುಂಗಿ, ಎಂಟನೇ ದಿನಕ್ಕೇ ಹೊಟ್ಟೆ ಹಗುರಾಯ್ತು ಅಂತ ಬೀದಿಗೆಲ್ಲ ಸಾರಿದೆ.

ಹೋದ ವಾರ ಬಟ್ಟಲು, ಖಾಲಿ ಡಬ್ಬಿ ಎರಡನ್ನೂ ಡಾಕ್ಟರಮ್ಮನ ಮುಂದಿಟ್ಟೆ. ಡಬ್ಬಿ ಮೇಲಿನ ಪುಟಾಣಿ ಅಕ್ಷರ ಓದಿ ನಕ್ಕುಬಿಟ್ಟರು. "ಇದನ್ನ ಫ್ರಿಜ್ಜಲ್ಲಿ ಇಡಬೇಕಿತ್ತು. ಇದರಲ್ಲಿ ಜೀವ ಇರೋದು ಏನೂ ಉಳಿದಿರಲಿಕ್ಕಿಲ್ಲ."

"ಮತ್ತೆ ಹಗುರಾಗಿದ್ದು?"

"ಈ ಕಾಯಿಲೇಲಿ ಹೊಟ್ಟೆ ತಾನಾಗೇ ಒಂದಿನ ಹಾಗೆ, ಒಂದಿನ ಹೀಗೆ. ಸರಿಯಾಗಿ ಇಟ್ಟಿದ್ದರೂ ಖಾತ್ರಿ ಇರಲಿಲ್ಲ. ಕೆಲವರಿಗೆ ಉಬ್ಬರ ಸ್ವಲ್ಪ ಇಳಿಯಬಹುದು, ಅಷ್ಟೆ. ನಾನು ಕೊಟ್ಟ ಔಷಧಿ ಮಾತ್ರ ಬಿಡಬೇಡಿ."

ಎರಡು ತಿಂಗಳು ಹೆಣ ನುಂಗಿದ್ದೀನಿ ಪುಟ್ಟಿ! ನಿಮ್ಮ ಭಾವನಿಗೆ ಹೇಳಿದರೆ, "ಸತ್ತಿದ್ರೆ ಕಚ್ಚಲ್ಲ ಬಿಡು" ಅಂದರು.

ಅಂತೂ ಈ ಹೊಟ್ಟೆ ಪೂರ್ತಿ ಸರಿಹೋಗೋದು ಸುಳ್ಳು. ಅದಕ್ಕೇ ಕಾದು ಕೂತರೆ ಪಾಪು ಸ್ಕೂಲಿಗೆ ಹೋಗಿರುತ್ತೆ. ಒಂದು ಹಳದಿ ಅಂಗಿ ಹೊಲಿದು ಕಳಿಸಿದ್ದೀನಿ. ಗುಂಡಿ ಹಾಕೋಕೆ ಕೈ ಬರಲಿಲ್ಲ, ಲಾಡಿ ಇಟ್ಟಿದ್ದೀನಿ. ಮಗು ನೂರು ಕಾಲ ನಗ್ತಾ ಬಾಳಲಿ, ನೀನೂ ತಣ್ಣಗಿರು.

ಇಂತಿ,
ನಿನ್ನ ಅಕ್ಕ

ತಾ.ಕ.: ಡಾಕ್ಟರಮ್ಮನನ್ನ ಇನ್ನೊಂದು ಮಾತೂ ಕೇಳಿದೆ. ಇದು ಅಂಟೋ ಕಾಯಿಲೆ ಅಲ್ಲವೇ ಅಲ್ಲವಂತೆ. ಮುಟ್ಟಿದರೂ ಅಂಟಲ್ಲ, ಎಂಜಲಿಂದಲೂ ಅಂಟಲ್ಲ. ನೀನು ಬಸುರಿಯಾಗಿದ್ದಾಗ ನೋಡೋಕೆ ಬಂದಿದ್ದೆನಲ್ಲ, ಅವತ್ತು ನಾನು ನೀರು ಕುಡಿದ ಲೋಟ ನಿನ್ನ ಅಡುಗೆಮನೆ ಕಸದ ಬುಟ್ಟೀಲಿತ್ತು. ಒಡೆದಿರಲಿಲ್ಲ. ಹಳದಿ ಅಂಗೀನ ನಾನೇ ಎರಡು ಸಲ ಒಗೆದಿದ್ದೀನಿ. ಕುದಿಯೋ ನೀರಿಗೆ ಹಾಕಬೇಡ ಪುಟ್ಟಿ, ಬಣ್ಣ ಹೋಗುತ್ತೆ.