ಹಂಸಿನಿಯ ಚರಿತ್ರೆ

ಅಣ್ಣಯ್ಯಾ,

ಇವತ್ತು ನಮ್ಮ ಚನ್ನಪಟ್ಟಣದ ಮನೆಗೆ ನೌಕಾಪಡೆಯ ಅಧಿಕಾರಿಯೊಬ್ಬರು ಬಂದಿದ್ದರು. ನೀನಿದ್ದ ಹಾಯಿದೋಣಿ ‘ಹಂಸಿನಿ’ಗೆ ನಿವೃತ್ತಿಯಂತೆ, ನೆನಪಿಗೆ ಅದರದೊಂದು ಮರದ ಬೊಂಬೆ ಬೇಕಂತೆ. ಬೀದಿಯವರೆಲ್ಲ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಬಿಚ್ಚಾಣಿಕೆ ಕೆಲಸಕ್ಕೆ ಹೋಗಿ, ಬೊಂಬೆ ಮಾಡಲು ಅಪ್ಪ ಒಬ್ಬನೇ ಉಳಿದಿದ್ದಾನೆ.

ನಾವು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಅವರು ತಂದ ಫೋಟೋ ನೋಡಿಕೊಂಡು ಅಪ್ಪ ಸುಮ್ಮನೆ ಮರ ಕೆತ್ತತೊಡಗಿದ. ಅವರು ದೋಣಿಯ ಚರಿತ್ರೆ ಹೇಳತೊಡಗಿದರು. ಬ್ರಿಟಿಷರು ಬೊಂಬಾಯಿಯಲ್ಲಿ ಕಟ್ಟಿಸಿದ್ದಂತೆ. ಸ್ವಾತಂತ್ರ್ಯ ಬಂದ ಮೇಲೆ ಹೊಸ ನಾವಿಕರಿಗೆ ಅದರಲ್ಲೇ ಹಾಯಿ ಕಟ್ಟುವುದನ್ನು ಕಲಿಸಿದರಂತೆ. ಮುಂದೇನು ಬರುತ್ತದೆಂದು ನನಗೆ ಗೊತ್ತಿತ್ತು.

“ಕಾಫಿ ತಕ್ಕಳಿ ಸಾ, ಆರೋಯ್ತದೆ,” ಎಂದು ನಡುವೆ ಬಾಯಿ ಹಾಕಿದೆ.

ಅವರು ನಿಲ್ಲಿಸಲಿಲ್ಲ. “ಎಂಬತ್ತೊಂದರ ಬಿರುಗಾಳೀಲಿ ಹಾಯಿಕಂಬ ಮುರೀತು. ಒಬ್ಬ ಹುಡುಗ ಸಮುದ್ರದ ಪಾಲಾದ. ಬೊಂಬೆ ಮಾಡೋ ಊರು ನಮ್ಮದು ಅಂತಿದ್ದ. ಹೆಸರೇ ನೆನಪಾಗ್ತಿಲ್ಲ.”

ಉಳಿ ನಿಂತಿತು. ಅಪ್ಪನೇ ಹೇಳಲಿ ಎಂದು ಕಾದೆ.

“ಬೀರಲಿಂಗಯ್ಯ ಸಾ,” ಎಂದೆ. “ನಮ್ಮಣ್ಣ.”

ಅಧಿಕಾರಿ ಗಾಬರಿಯಿಂದ ಎದ್ದು ನಿಂತರು. ಬಿಚ್ಚಾಣಿಕೆ ಸೇರೆಂದರೂ ಕೇಳದೆ ನೀನು ಕಡಲಿಗೆ ಹೋದಾಗಿನಿಂದ ನಿನ್ನ ಮಾತೇ ಎತ್ತದ ಅಪ್ಪ, ತಲೆ ಎತ್ತದೆಯೇ ಕೇಳಿದ:

“ಅವತ್ತು ಉಂಡಿದ್ನಾ ಸಾ, ಅವ್ನು?”

ಅಧಿಕಾರಿ ನನ್ನ ಮುಖ ನೋಡಿದರು. ನಾನು ಹೂಂ ಅನ್ನಿ ಎಂದು ಕಣ್ಣಲ್ಲೇ ಬೇಡಿಕೊಂಡೆ.

“ಹೊಟ್ಟೆ ತುಂಬ ಉಂಡಿದ್ದ, ಯಜಮಾನ್ರೇ,” ಎಂದರು.

ಉಂಡಿದ್ದೆಯಾ, ಅಣ್ಣಯ್ಯಾ?

ದಾಸಮ್ಮ