ಸೂಜಿ ಪೋಣಿಸುವ ಹುಡುಗಿ

ಔರಾದ
೯ ಡಿಸೆಂಬರ್ ೨೦೨೪

ಸುಮನಳ ಅಪ್ಪನಿಗೆ ವಿಶಾಖಾಳ ಜಯಭೀಮ.

ಹೇಗಿದ್ದೀರಿ? ಮನಮಾಡದಲ್ಲಿ ಚಳಿ ಜೋರಂತೆ. ರೈಲಿನ ಇಂಜಿನ್ನಿನಲ್ಲಿ ಕೂರುವವರು, ಕಿವಿಗೆ ಮಫ್ಲರ್ ಸುತ್ತಿಕೊಳ್ಳಿ. ಬರೀ ಚಹಾದ ಮೇಲೆ ದಿನ ನೂಕಬೇಡಿ. ಇಷ್ಟು ಕೇಳುವುದು ಹೆಂಡತಿಯ ಕೆಲಸ, ಕೇಳಿದ್ದೇನೆ. ಇನ್ನು ನನ್ನ ಮಾತು. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಚಷ್ಮಾ ಎಂಬ ಶಬ್ದ ಬಂದ ಕೂಡಲೇ ನೀವು ಫೋನ್ ಇಡುತ್ತೀರಿ. ಕಾಗದವನ್ನು ಹರಿದರೂ ಅದಕ್ಕೆ ಮೊದಲು ನಾಲ್ಕು ಸಾಲಾದರೂ ಕಣ್ಣಿಗೆ ಬೀಳುತ್ತವೆ. ನಾನು ಸುಮನಳನ್ನು ಕರೆದುಕೊಂಡು ತವರಿಗೆ ಬಂದಿದ್ದೇನೆ. ಭಾಲ್ಕಿಗೆ ಯಾವಾಗ ಮರಳಬೇಕು ಎಂಬುದು ಈಗ ನಿಮ್ಮ ಕೈಯಲ್ಲಿದೆ.

ಜೂನಿನಲ್ಲಿ ಶಾಲೆಯ ಮಾಣಿಕ ಸರ್ ಕರೆಸಿ ಹೇಳಿದ್ದು ನಿಮಗೆ ಗೊತ್ತು. ಹುಡುಗಿ ಬೋರ್ಡು ನೋಡಿ ಬರೆಯುವುದಿಲ್ಲ, ಪಕ್ಕದವಳ ನೋಟುಬುಕ್ಕು ನೋಡಿ ಬರೆಯುತ್ತಾಳೆ, ಕಣ್ಣು ಕಿರಿದು ಮಾಡುತ್ತಾಳೆ ಎಂದರು. ಟಿವಿಗೆ ಮೂಗು ಹಚ್ಚಿ ಕೂರುವುದನ್ನು, ತಲೆ ನೋವು ಎನ್ನುವುದನ್ನು ನಾವೂ ಕಂಡಿದ್ದೆವು, ಹಟ ಎಂದುಕೊಂಡಿದ್ದೆವು. ಬೀದರಿಗೆ ಕರೆದೊಯ್ದು ತೋರಿಸಿದೆ. ಮೈನಸ್ ಎರಡು. ಹತ್ತಿರದ್ದು ನಿಚ್ಚಳ, ದೂರದ್ದು ಮಸುಕು ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಚಷ್ಮಾ ದಿನವಿಡೀ ಇರಲಿ, ಪುಸ್ತಕ ಮೊಣಕೈಯಷ್ಟು ದೂರವಿರಲಿ, ಓದುವ ನಡುವೆ ಕಣ್ಣೆತ್ತಿ ಕಿಟಕಿಯಾಚೆ ನೋಡಲಿ, ದಿನಾ ಒಂದೆರಡು ತಾಸು ಬಯಲಿನ ಬೆಳಕಿನಲ್ಲಿ ಆಡಲಿ, ಆರು ತಿಂಗಳಿಗೊಮ್ಮೆ ಮತ್ತೆ ತೋರಿಸಿ ಎಂದರು. ನೇರಳೆ ಬಣ್ಣದ ಚೌಕಟ್ಟನ್ನು ಸುಮನಳೇ ಆರಿಸಿದಳು. ಅದರ ಸಂತೋಷ ಭಾಲ್ಕಿಯ ಮನೆ ಮುಟ್ಟುವವರೆಗೆ ಇತ್ತು.

ನಿಮ್ಮ ಅವ್ವ ಕೌಸಲ್ಯಾಬಾಯಿಯವರು ಕೌದಿ ಹೊಲಿಯುತ್ತಿದ್ದರು. ಓಣಿಯ ಮುದುಕಿಯರೆಲ್ಲ ಸೂಜಿ ಪೋಣಿಸಲು ಸುಮನಳನ್ನೇ ಕರೆಯುವುದು, ತೊಗರಿಬೇಳೆಯಲ್ಲಿ ಯಾರಿಗೂ ಸಿಗದ ಹರಳು ಅವಳಿಗೆ ಸಿಗುವುದು, ಇದೆಲ್ಲ ಅವರಿಗೆ ದೊಡ್ಡ ಹೆಮ್ಮೆ. ಅಂದು ಎಲ್ಲರ ಮುಂದೆ ಚಷ್ಮಾ ತೆಗೆಸಿ, ಇದ್ದುದರಲ್ಲೇ ಸಣ್ಣ ಸೂಜಿ ಅವಳ ಕೈಗೆ ಕೊಟ್ಟರು. ಒಂದೇ ಸಲಕ್ಕೆ ಪೋಣಿಸಿದಳು. ನಮ್ಮ ಮನೆಯ ಕಣ್ಣಿನ ಪರೀಕ್ಷೆ ಅಲ್ಲಿಗೆ ಮುಗಿಯಿತು. “ಸೂಜ್ಯಾಗ ದಾರ ಹಾಕೋ ಪೋರಿಗಿ ಚಷ್ಮಾ ಯಾಕ ಬೇಕವ್ವಾ? ಡಾಕ್ಟರನ ದುಕಾನ ನಡೀಬೇಕಲ್ಲ” ಎಂದರು. ನೀವು ಫೋನಿನಲ್ಲಿ ನಕ್ಕಿರಿ. “ಅವ್ವ ಖರೇನೇ ಹೇಳ್ತಾಳ. ಹಚ್ಚಿದ್ರ ನಂಬರ್ ಏರ್ತದ, ತೆಗೆದಿಡ್ರಿ” ಎಂದಿರಿ. ಚಷ್ಮಾ ಅವರ ಪೆಟ್ಟಿಗೆಯಲ್ಲಿ ಸೀರೆಗಳ ಮಡಿಕೆ ಸೇರಿತು, ಕೀಲಿ ಅವರ ಸೊಂಟ ಸೇರಿತು. ಆ ಹುಡುಗಿ ಸೂಜಿಯನ್ನು ಮೂಗಿನ ತುದಿಗೆ ಯಾಕೆ ತಂದುಕೊಳ್ಳುತ್ತಾಳೆ ಎಂದು ಯಾರೂ ಕೇಳಲಿಲ್ಲ. ನಿಮ್ಮನ್ನು ಇಂಜಿನ್ ಹತ್ತಿಸುವ ಮೊದಲು ಸಾಹೇಬರು ಸೂಜಿ ದಾರ ಕೊಟ್ಟು ಕಣ್ಣು ನೋಡಿದ್ದರೇ? ದೂರದ ಸಿಗ್ನಲ್ಲು ಕಾಣುವುದಕ್ಕೇ ನಿಮಗೆ ಸಂಬಳ ಬರುತ್ತದೆ. ಮಗಳಿಗೆ ಮಾತ್ರ ಸೂಜಿ ಕಂಡರೆ ಸಾಕೇ?

ಶನಿವಾರ ಮತ್ತೆ ಬೀದರಿಗೆ ಹೋಗಿದ್ದೆವು. ಈಗ ಎರಡೂಮುಕ್ಕಾಲು. ಇದನ್ನು ಅಲ್ಲಿಂದಲೇ ಫೋನಿನಲ್ಲಿ ತಿಳಿಸಿದರೆ ನಿಮ್ಮ ಅವ್ವ, “ನೋಡು, ಚಷ್ಮಾದಿಂದನೇ ಏರ್ಯಾದ” ಎಂದರು. ಪೆಟ್ಟಿಗೆಯಲ್ಲಿ ಬೀಗ ಹಾಕಿಸಿಕೊಂಡು ಮಲಗಿದ್ದ ಚಷ್ಮಾ ಹುಡುಗಿಯ ಕಣ್ಣಿಗೆ ಏನು ಮಾಡಿತು, ನನಗೆ ತಿಳಿಯಲಿಲ್ಲ. ಹಾಕಿಕೊಂಡಿದ್ದರೂ ನಂಬರ್ ಸ್ವಲ್ಪ ಏರುತ್ತಿತ್ತೇನೋ, ಬೆಳೆಯುವ ಮಕ್ಕಳಲ್ಲಿ ಏರುತ್ತದೆ ಎಂದು ಡಾಕ್ಟರಮ್ಮ ಮುಚ್ಚಿಡದೆ ಹೇಳಿದರು. ಆದರೆ ಕಾಣದೆ ಕಳೆದ ದಿನಗಳನ್ನು ಯಾರು ತಿರುಗಿ ಕೊಡುತ್ತಾರೆ? ಚೆಂಡು ಕಾಣದವಳನ್ನು ಯಾರೂ ಆಟಕ್ಕೆ ಕರೆಯಲಿಲ್ಲ. ಬಯಲಲ್ಲಿ ಆಡಬೇಕಾದವಳು ಪಡಸಾಲೆಯ ಕತ್ತಲಲ್ಲಿ ಕೂತು ಸೂಜಿ ಪೋಣಿಸಿದಳು. ಈ ಸಲ ಹೊಸ ಚಷ್ಮಾ ಕೊಡಿಸಿ ನೇರ ಔರಾದಿನ ಬಸ್ಸು ಹತ್ತಿದೆ. ಬೀಗವಿಲ್ಲದ ಮನೆಯಲ್ಲಿ ಇರಲಿ ಎಂದು.

ಇನ್ನೊಂದು ಮಾತು, ಇದೇ ನನ್ನ ಹೊಟ್ಟೆ ಉರಿಸುವುದು. ಬುದ್ಧ ಪೂರ್ಣಿಮೆಯ ರಜೆ ಮುಗಿಸಿ ನೀವು ಹೊರಟಾಗ ನನಗೆ ಜ್ವರ, ಸುಮನ ಅಜ್ಜಿಯ ಜೊತೆ ಭಾಲ್ಕಿ ಸ್ಟೇಷನ್ನಿಗೆ ಬಂದಿದ್ದಳು. ಗಾಡಿಯಿಂದಲೇ ಫೋನ್ ಮಾಡಿ, “ಕೈ ಬೀಸಿ ಬೀಸಿ ಸಾಕಾಯ್ತು, ಆಕಿ ನನ್ನ ಕಡಿ ಹೊಳ್ಳಿ ನೋಡ್ಲಿಲ್ಲ. ಎಷ್ಟು ಸೊಕ್ಕು ಬಂದಾದ” ಎಂದಿರಿ. ಅಲ್ಲಿಂದ ಇಲ್ಲಿಯವರೆಗೆ ಎಮ್ಮೆಯ ಸುದ್ದಿ ಕೇಳುತ್ತೀರಿ, ಮಗಳನ್ನು ಕೇಳುವುದಿಲ್ಲ. ಫೋನ್ ಬಂದಾಗಲೆಲ್ಲ ಅವಳು ಬಂದು ನನ್ನ ಸೆರಗು ಹಿಡಿದು ನಿಲ್ಲುತ್ತಾಳೆ, ನಾನು ಫೋನ್ ಇಟ್ಟ ಮೇಲೆ ಸೆರಗು ಬಿಟ್ಟು ಹೋಗುತ್ತಾಳೆ. ಮಗುವಿನ ಮೇಲೆ ಅಷ್ಟು ದೊಡ್ಡವರು ಮುನಿಸಿಕೊಳ್ಳುವುದು ಚೆನ್ನಾಗಿಲ್ಲ.

ಚಷ್ಮಾಕ್ಕೆ ಯಾರೂ ಕೈ ಹಚ್ಚಬಾರದು ಎಂದು ನೀವೇ ಅವ್ವನಿಗೆ ಹೇಳಿ. ಹೇಳಿದ ದಿನ ನಾವು ಭಾಲ್ಕಿಯಲ್ಲಿರುತ್ತೇವೆ. ಇಲ್ಲಿ ಅಪ್ಪ, ಅವ್ವ ನಿಮ್ಮನ್ನು ಕೇಳಿದ್ದಾರೆ. ಹೋದ ಗಾಡಿ ಹೋದಷ್ಟೇ ಸುಖವಾಗಿ ತಿರುಗಿ ಬರಲಿ.

ನಿಮ್ಮ
ವಿಶಾಖಾ

ತಾ.ಕ.: ನಮ್ಮಪ್ಪ ಟಪಾಲಿಗೆ ಹಾಕಲು ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಶನಿವಾರ ನಮ್ಮ ಅಣ್ಣ ಉತ್ತಮನು ನಮ್ಮನ್ನು ಬೀದರಿನಲ್ಲಿ ಬಸ್ಸು ಹತ್ತಿಸಿ ಕೆಳಗೆ ನಿಂತು ಕೈ ಬೀಸಿದ. ಬಸ್ಸು ದೂರ ಬಂದರೂ ಮಾಮಾನ ಮೀಸೆ ಕಾಣುತ್ತದೆ ಎಂದು ಸುಮನ ನಕ್ಕಿದ್ದಳು, ಆಮೇಲೆ ದಾರಿಯುದ್ದಕ್ಕೂ ಚಷ್ಮಾ ತೆಗೆದು ಹಾಕಿ, ತೆಗೆದು ಹಾಕಿ ಹೊರಗೆ ನೋಡಿದಳು. ಈಗ ನಿಮಗೆ ಬರೆಯುವುದು ನೋಡಿ ಬಂದು ಕೇಳಿದಳು: ಆವತ್ತು ಸ್ಟೇಷನ್ನಿನಲ್ಲಿ ಅಪ್ಪ ಯಾವ ಅಂಗಿ ಹಾಕಿದ್ದ? ನೀಲಿ, ನಾನೇ ಇಸ್ತ್ರಿ ಮಾಡಿದ್ದು ಎಂದೆ. “ಹಂಗಾದ್ರ ನಾ ಬ್ಯಾರೆಯವರಿಗಿ ಕೈ ಬೀಸೀನವ್ವಾ. ಮುಂದಿನ ಡಬ್ಬಿ ಬಾಗಲದಾಗ ಬಿಳಿ ಅಂಗಿಯವ ನಿಂತಿದ್ದ, ಅವನೇ ಅಪ್ಪ ಅಂದ್ಕೊಂಡೀನಿ” ಎಂದಳು. ಗಾಡಿ ಹೋಗುವ ತನಕ ಕೈ ಬೀಸಿದಳಂತೆ. ಆ ಮನುಷ್ಯ, ಯಾರೋ ಏನೋ, ತಿರುಗಿ ಬೀಸಿದನಂತೆ.